ಅಪ್ಪ ಅಮ್ಮನಿಗೆ ಯಾರ್ಕ್‌ಶೈರ್ ಕಡೆಯ ಕೋಟೆ, ಹಾಳುಬಿದ್ದ ಮಠ ತೋರಿಸಬೇಕು: ಯಾವುದಕ್ಕೆ ಹೋಗಲಿ, ಯಾವುದು ಬಿಡಲಿ?

ಹೆಡಿಂಗ್ಲಿ ಹುಡುಗ

ಎಲ್ಲರಿಗೂ ನಮಸ್ಕಾರ. ಮೇ ಕೊನೆಗೆ ದಾವಣಗೆರೆಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಲಂಡನ್, ಎಡಿನ್‌ಬರೋ ಎಲ್ಲ ಹೋದ ಸಲವೇ ಆಯಿತು. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಈ ಸಲ ಫೋನಿನಲ್ಲೇ ಹೇಳಿಬಿಟ್ಟಿದ್ದಾರೆ, "ಆ ಕಡೆ ಹಳ್ಳಿಗಾಡಿನಲ್ಲಿ ಹಳೇ ಕೋಟೆ, ಕ್ರೈಸ್ತರ ಮಠ ಎಲ್ಲ ಇವೆಯಂತಲ್ಲ, ಅದು ತೋರಿಸು, ಮಾಲ್‌ಗೆ ಕರ್ಕೊಂಡು ಹೋಗಬೇಡ" ಅಂತ. ನಾನಿರೋದು ಲೀಡ್ಸ್. ಮನೆ ಹತ್ತಿರದ ಕರ್ಕ್‌ಸ್ಟಾಲ್ ಆ್ಯಬಿ (ಆ್ಯಬಿ ಅಂದರೆ ಕ್ರೈಸ್ತರ ಮಠ) ಪಕ್ಕ ಬೆಳಿಗ್ಗೆ ಓಡೋಕೆ ಹೋಗ್ತೀನಿ, ಅಷ್ಟು ಬಿಟ್ಟರೆ ಈ ವಿಷಯದಲ್ಲಿ ಸೊನ್ನೆ. ಕಾರಿಲ್ಲ, ಬೇಕಾದರೆ ವಾರಾಂತ್ಯಕ್ಕೆ ಬಾಡಿಗೆಗೆ ತಗೋಬಹುದು. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಜಾಸ್ತಿ ಆಗಲ್ಲ. ಎಲ್ಲಿಗೆ ಹೋದರೆ ಟಿಕೆಟ್ ದುಡ್ಡು ದಂಡ ಆಗಲ್ಲ, ಹೇಳಿ.

ಸುಮ್ನೆ ಕೇಳ್ದೆ

ಎಲ್ಲಿಗೆ ಹೋದರೂ ದಂಡವೇ ಗುರು. ಮಾಡು (ಛಾವಣಿ) ಇಲ್ಲದ ನಾಲ್ಕು ಗೋಡೆ, ಮಧ್ಯೆ ಹುಲ್ಲು, ಒಂದು ಬೋರ್ಡು, ಅದರಲ್ಲಿ "ಇಲ್ಲಿ ಅಡುಗೆಮನೆ ಇತ್ತು". ನಮ್ಮ ಮಾವನವರನ್ನ ಒಂದು ಕಡೆ ಕರ್ಕೊಂಡು ಹೋಗಿದ್ದೆ, ಐದು ನಿಮಿಷ ಸುತ್ತಿ ಬಂದು "ಹಂಪಿ ನೋಡಿದೋರಿಗೆ ಇದೇನಪ್ಪ, ಇದಕ್ಕೂ ದುಡ್ಡು ತಗೋತಾರಾ" ಅಂದರು. ಸುಮ್ನೆ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗಿ ದೋಣಿ ಹತ್ತಿಸಿ.

ಗಾರೆಕಲ್ಲು

ಅದು ತೋರಿಸೋರ ಮೇಲೆ ಹೋಗುತ್ತೆ ಸರ್. ಅದು ಯಾಕೆ ಮುರಿದಿದೆ ಅಂತ ಮೊದಲೇ ಹೇಳದೆ ಒಳಗೆ ಬಿಟ್ಟರೆ ಯಾರಿಗಾದರೂ ಮುರಿದ ಗೋಡೆಯೇ ಕಾಣೋದು. ಈ ಮಠಗಳು ಕಾಲ ಕಳೆದಂತೆ ತಾವಾಗಿ ಬಿದ್ದದ್ದಲ್ಲ. ಪರದೇಶದ ಸೈನ್ಯ ಬಂದು ಕೆಡವಿದ್ದೂ ಅಲ್ಲ. ಅದೇ ದೇಶದ ರಾಜ, ಅದೇ ದೇಶದ ಪಾರ್ಲಿಮೆಂಟಿನಲ್ಲಿ ಕಾನೂನು ಮಾಡಿಸಿ, ಲೆಕ್ಕದ ಪುಸ್ತಕ ಇಟ್ಟುಕೊಂಡು ಬಿಚ್ಚಿಸಿದ್ದು.

ಎಂಟನೇ ಹೆನ್ರಿ 1536ರಲ್ಲಿ ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯದ ಚಿಕ್ಕ ಮಠಗಳನ್ನು ಮುಚ್ಚಿಸಿದ. ಆಮೇಲೆ ದೊಡ್ಡವಕ್ಕೆ ಕೈ ಹಾಕಿದ. 1540ರ ಮಾರ್ಚಿನಲ್ಲಿ ವಾಲ್ಥಮ್ ಆ್ಯಬಿ ಮುಚ್ಚುವ ಹೊತ್ತಿಗೆ ಸುಮಾರು 800 ಮಠಗಳು ಹೋಗಿದ್ದವು. ನಾಲ್ಕೇ ವರ್ಷ. ಜಮೀನು ರಾಜನಿಗೆ, ಅವನಿಂದ ಕೊಂಡುಕೊಂಡ ದೊಡ್ಡಮನುಷ್ಯರಿಗೆ. ಸನ್ಯಾಸಿಗಳು ತಿರುಗಿ ಬಂದು ಸೇರಿಕೊಳ್ಳಬಾರದಲ್ಲ, ಅದಕ್ಕೆ ಮೊದಲು ಮಾಡು ತೆಗೆಸೋದು. ಮಾಡಿನ ಮೇಲೆ ಸೀಸದ ಹಾಳೆ ಹೊದಿಸಿರುತ್ತಿದ್ದರು, ಆ ಸೀಸಕ್ಕೆ ಒಳ್ಳೇ ಬೆಲೆ. ಅಲ್ಲೇ ಅಂಗಳದಲ್ಲಿ ಒಲೆ ಹಾಕಿ ಕರಗಿಸಿ ಗಟ್ಟಿ ಮಾಡಿ ಸಾಗಿಸುತ್ತಿದ್ದರು. ಮಾಡು ಹೋಯಿತು ಅಂದರೆ ಮಳೆ ನೀರು ಗೋಡೆ ತಲೆಯಿಂದ ಒಳಗೆ ಇಳಿಯುತ್ತೆ, ಇನ್ನು ಉಳಿದದ್ದು ಚಳಿಗಾಲದ ಹಿಮ ನೋಡಿಕೊಳ್ಳುತ್ತೆ. ಜೊತೆಗೆ ಊರಿನವರು ಕಲ್ಲು ಹೊತ್ತರು.

ಅಪ್ಪ ಮೇಷ್ಟ್ರು ಅಂದಿರಿ, ಅವರಿಗೆ ಇದಿಷ್ಟು ಹೇಳಿ ರೀವೋ ಆ್ಯಬಿಗೆ ಕರ್ಕೊಂಡು ಹೋಗಿ. ಅಲ್ಲಿ 1538ರಲ್ಲಿ ಕರಗಿಸಿದ ಸೀಸದ ಗಟ್ಟಿ ನಾಲ್ಕು, ರಾಜನ ಕಿರೀಟದ ಮುದ್ರೆ ಒತ್ತಿದ್ದು, ಸಾಗಿಸೋಕೆ ಮೊದಲೇ ಪಶ್ಚಿಮದ ಕಿಟಕಿ ಗೋಡೆ ಮೇಲೆ ಬಿದ್ದು ಕಲ್ಲಿನ ರಾಶಿಯಡಿ ಹೂತುಹೋಗಿದ್ದವು. 1920ರ ದಶಕದಲ್ಲಿ ಕಲ್ಲುಮಣ್ಣು ತೆಗೆಯುವಾಗ ಸಿಕ್ಕವು. ಆ ಸೀಸವನ್ನು ಯಾರ್ಕ್ ಮಿನ್‌ಸ್ಟರಿನ 'ಫೈವ್ ಸಿಸ್ಟರ್ಸ್' ಕಿಟಕಿಯ ಗಾಜು ಕೂರಿಸೋಕೆ ಬಳಸಿದರು. ರಾಜ ಒಂದು ಚರ್ಚಿನಿಂದ ಕಿತ್ತ ಸೀಸ, 400 ವರ್ಷ ಆದ ಮೇಲೆ ಇನ್ನೊಂದು ಚರ್ಚಿಗೇ ಹೋಯಿತು. ಇದನ್ನ ಕೇಳಿದ ಮೇಲೂ "ಬರೀ ಗೋಡೆ" ಅನ್ನೋರಿಗೆ ನಾನೇ ಟೀ ಕೊಡಿಸ್ತೀನಿ.

ಸುಮ್ನೆ ಕೇಳ್ದೆ

ಟೀ ಜೊತೆ ಸ್ಕೋನ್ ಕೂಡ ಕೊಡಿಸಿದರೆ ಒಪ್ಕೋತೀನಿ. ಸೀಸದ ಕಥೆ ಚೆನ್ನಾಗಿದೆ. ಆದರೆ ಇಷ್ಟೆಲ್ಲ ಅನ್ಯಾಯ ಆಗುವಾಗ ಜನ ಸುಮ್ನಿದ್ದರಾ?

ಗಾರೆಕಲ್ಲು

ಸುಮ್ನಿರಲಿಲ್ಲ. 1536ರ ಕೊನೆಗೆ ಉತ್ತರ ಇಂಗ್ಲೆಂಡೇ ದಂಗೆ ಎದ್ದಿತು. 'ಪಿಲ್‌ಗ್ರಿಮೇಜ್ ಆಫ್ ಗ್ರೇಸ್' ಅಂತಾರೆ. ರಾಜ ಮಾತು ಕೊಟ್ಟು ಜನರನ್ನ ಮನೆಗೆ ಕಳಿಸಿ ಆಮೇಲೆ ಮುಂದಾಳುಗಳನ್ನ ಗಲ್ಲಿಗೇರಿಸಿದ. ಜೆರ್ವೋ ಆ್ಯಬಿಯ ಕೊನೆಯ ಮಠಾಧಿಪತಿ ಆಡಮ್ ಸೆಡ್‌ಬಾರ್‌ನನ್ನೂ 1537ರಲ್ಲಿ ಕೊಂದರು.

ಆದರೆ ಇನ್ನೊಂದು ಮುಖ ಇದೆ, ನನಗೆ ಅದೇ ಜಾಸ್ತಿ ಕಾಡೋದು. ದಕ್ಷಿಣ ಯಾರ್ಕ್‌ಶೈರಿನಲ್ಲಿ ಮಾಲ್ಟ್‌ಬಿ ಊರಿನ ಹತ್ತಿರ ರೋಷ್ ಆ್ಯಬಿ ಅಂತಿದೆ. ಅದನ್ನ ಬಿಚ್ಚಿದ ಕಥೆಯನ್ನ ಆ ಕಡೆಯ ಪಾದ್ರಿ ಮೈಕೆಲ್ ಶೆರ್‌ಬ್ರುಕ್ ಬರೆದಿಟ್ಟಿದ್ದಾನೆ. ಸುತ್ತ ಕಾಡು ಬೇಕಾದಷ್ಟಿದ್ದರೂ ಸನ್ಯಾಸಿಗಳು ಪ್ರಾರ್ಥನೆಗೆ ಕೂರುತ್ತಿದ್ದ ಮರದ ಆಸನಗಳನ್ನೇ ಒಡೆದು ಉರಿಗೆ ಹಾಕಿ ಸೀಸ ಕರಗಿಸಿದರಂತೆ. ಅವನ ಅಪ್ಪ ಚರ್ಚಿನ ಮರಮುಟ್ಟು ಕೊಂಡವರಲ್ಲಿ ಒಬ್ಬ. ಮಗ ದೊಡ್ಡವನಾದ ಮೇಲೆ ಕೇಳ್ತಾನೆ, ನಿನಗೆ ಆ ಸನ್ಯಾಸಿಗಳ ಮೇಲೆ ಗೌರವ ಇತ್ತಲ್ವಾ, ಮತ್ತೆ ನೀನೂ ಯಾಕೆ ಹೋದೆ ಅಂತ. ಅಪ್ಪ ಹೇಳ್ತಾನೆ, ಗೌರವ ಇತ್ತು, ಈಗಲೂ ಇದೆ, ಆದರೆ ಹೇಗೂ ಎಲ್ಲ ಹೋಗ್ತಿತ್ತು, ಎಲ್ಲರೂ ಮಾಡಿದ್ದನ್ನ ನಾನೂ ಮಾಡಿದೆ. ಅಷ್ಟೇ ಮಾತು.

ಮಲೆನಾಡ ಮಗಳು

ಅಯ್ಯೋ, ಆ ಅಪ್ಪನ ಮಾತು ಓದಿ ಒಂಥರಾ ಆಯಿತು. ನಮ್ಮೂರಲ್ಲೂ ಕೆರೆ ಏರಿ ಕಲ್ಲು ಹೊತ್ತೋರು ಇದೇ ತಾನೇ ಹೇಳೋದು.

ಹುಡುಗ ಅವರೇ, ಅಮ್ಮನ ಮಂಡಿ ವಿಷಯಕ್ಕೆ ಬರ್ತೀನಿ, ಇದನ್ನ ಯಾರೂ ಹೇಳಲಿಲ್ಲ. ಮಠಗಳು ಬಹುಪಾಲು ನದಿ ಪಕ್ಕದ ಸಮತಟ್ಟು ಜಾಗದಲ್ಲಿ ಇರೋದು, ಕೋಟೆಗಳು ಗುಡ್ಡದ ಮೇಲೆ. ಹಾಗಾಗಿ ಅಮ್ಮನಿಗೆ ಮಠ, ಅಪ್ಪನಿಗೆ ಕೋಟೆ ಅಂತ ಲೆಕ್ಕ ಹಾಕಿ. ಫೌಂಟನ್ಸ್ ಆ್ಯಬಿ ನೋಡಲೇಬೇಕು. ಆದರೆ ಅಲ್ಲಿ ವಿಸಿಟರ್ ಸೆಂಟರ್ ಮೇಲಿದೆ, ಮಠ ಕೆಳಗಿದೆ. ಇಳಿಯುವಾಗ ಗೊತ್ತಾಗಲ್ಲ, ವಾಪಸ್ ಹತ್ತುವಾಗ ಮಂಡಿ ಮಾತಾಡುತ್ತೆ. ಬ್ಯಾಟರಿ ಸ್ಕೂಟರ್ ಕೊಡ್ತಾರೆ, ಮೊದಲೇ ಫೋನ್ ಮಾಡಿ ಹೇಳಿಟ್ಟಿರಿ. ಚಪ್ಪಲಿ ಹಾಕಿಸಬೇಡಿ, ಹುಲ್ಲು ಮೇ ತಿಂಗಳಲ್ಲೂ ಒದ್ದೆ ಇರುತ್ತೆ, ಸಾಕ್ಸ್ ನೆನೆದರೆ ಆಮೇಲೆ ದಿನವಿಡೀ ಅದೇ ರಾಗ. ಸೀರೆ ಉಡೋದಾದರೆ ಒಳಗೆ ಲೆಗ್ಗಿಂಗ್ಸ್, ಮೇಲೆ ಮಳೆ ಜಾಕೆಟ್. ಛತ್ರಿ ಗಾಳಿಗೆ ನಿಲ್ಲಲ್ಲ.

ಕೊವೆಂಟ್ರಿ ಅಕ್ಕ

ದುಡ್ಡಿನ ವಿಷಯ ನಾನು ಹೇಳ್ತೀನಿ. ಇಲ್ಲಿ ಎರಡು ದೊಡ್ಡ ಸಂಸ್ಥೆ: ಇಂಗ್ಲಿಷ್ ಹೆರಿಟೇಜ್, ನ್ಯಾಷನಲ್ ಟ್ರಸ್ಟ್. ಸಾಮಾನ್ಯವಾಗಿ ಒಂದರ ಕಾರ್ಡ್ ಇನ್ನೊಂದರಲ್ಲಿ ನಡೆಯಲ್ಲ, ಮೊದಲು ಇದನ್ನ ತಲೆಗೆ ಹಾಕಿಕೊಳ್ಳಿ. ರೀವೋ, ವಿಟ್ಬಿ, ರಿಚ್ಮಂಡ್ ಕೋಟೆ, ಹೆಲ್ಮ್ಸ್ಲಿ ಕೋಟೆ, ರೋಷ್, ಯಾರ್ಕಿನ ಕ್ಲಿಫರ್ಡ್ಸ್ ಟವರ್ ಎಲ್ಲ ಹೆರಿಟೇಜ್‌ನವರದು. ಫೌಂಟನ್ಸ್ ಟ್ರಸ್ಟಿನವರದು. ರೀವೋ ಮಠ ಹೆರಿಟೇಜ್, ಅದರ ಮೇಲಿನ ಗುಡ್ಡದಲ್ಲಿರೋ ರೀವೋ ಟೆರೇಸ್ ಟ್ರಸ್ಟ್! ಒಂದೇ ಊರು, ಎರಡು ಟಿಕೆಟ್. ಹೊರದೇಶದಿಂದ ಬರೋರಿಗೆ ಹೆರಿಟೇಜ್‌ನವರು 9 ದಿನದ್ದು, 16 ದಿನದ್ದು ಅಂತ ಪಾಸ್ ಕೊಡ್ತಾರೆ, ಮೂರು ನಾಲ್ಕು ಜಾಗ ನೋಡೋ ಹಾಗಿದ್ದರೆ ಅಪ್ಪ ಅಮ್ಮನಿಗೆ ಅದೇ ಸರಿ. ನೀನು ಇಲ್ಲೇ ಇರೋನು, ವರ್ಷದ ಸದಸ್ಯತ್ವ ಮಾಡಿಸು. ಮಕ್ಕಳಾದ ಮೇಲೆ ಇನ್ನೂ ಉಪಯೋಗ, ಸದಸ್ಯರ ಜೊತೆ ಬರೋ ಮನೆ ಮಕ್ಕಳಿಗೆ ದುಡ್ಡಿಲ್ಲ.

ದುಡ್ಡೇ ಇಲ್ಲದೆ ನೋಡೋವೂ ಬೇಕಾದಷ್ಟಿವೆ. ರಿಚ್ಮಂಡ್ ಪಕ್ಕ ಈಸ್ಬಿ ಆ್ಯಬಿ, ಟೀಸ್ ನದಿ ಪಕ್ಕ ಎಗ್ಲ್‌ಸ್ಟನ್ ಆ್ಯಬಿ. ಅಲ್ಲಿ ಕಾವಲಿಲ್ಲ, ಅಂಗಡಿಯಿಲ್ಲ, ಶೌಚಾಲಯವೂ ಇಲ್ಲ. ಕೊನೆಯದನ್ನ ಅಮ್ಮನಿಗೆ ಮೊದಲೇ ಹೇಳಿಬಿಡಪ್ಪ.

ಹೆಡಿಂಗ್ಲಿ ಹುಡುಗ

ಅಕ್ಕ, ಇದು ಬಹಳ ಉಪಯೋಗ ಆಯಿತು. ಮಕ್ಕಳ ವಿಷಯ ಬಿಡಿ, ಅಮ್ಮ ಬಂದ ಮೇಲೆ ಅದೇ ಮಾತು ಶುರು ಆಗುತ್ತೆ, ಇಲ್ಲೂ ಬೇಡ. ಫೌಂಟನ್ಸೋ ರೀವೋನೋ, ಒಂದೇ ಆರಿಸಿ ಅಂದರೆ ಯಾವುದು?

ಬೂಟು ಮತ್ತು ಕೋಲು

ಫೌಂಟನ್ಸ್. ಯೋಚನೆಯೇ ಬೇಡ.

ಗಾರೆಕಲ್ಲು

ರೀವೋ. ಯೋಚನೆ ಮಾಡಿಯೇ ಹೇಳ್ತಿದೀನಿ.

ಬೂಟು ಮತ್ತು ಕೋಲು

ಹಹ್ಹಾ. ಸರಿ, ನನ್ನ ಕಾರಣ ಹೇಳ್ತೀನಿ. ಫೌಂಟನ್ಸ್‌ನಲ್ಲಿ ಮಾಡು ಇರೋ ಜಾಗ ಇನ್ನೂ ಉಳಿದಿದೆ. ಸೆಲೇರಿಯಮ್ ಅಂತಾರೆ, ಪಶ್ಚಿಮದ ಕಡೆಯ ಉಗ್ರಾಣ. ಸುಮಾರು 300 ಅಡಿ ಉದ್ದ. ನಡುವೆ ಒಂದು ಸಾಲು ಕಂಬ, ಕಂಬದ ತಲೆಗೆ ಬೋದಿಗೆಯೇ ಇಲ್ಲ, ಕಂಬವೇ ಹಾಗೇ ಮೇಲೆ ಹರಡಿಕೊಂಡು ಕಮಾನಿನ ಪಕ್ಕೆ ಆಗುತ್ತೆ. ಮಳೆ ಬಂದರೆ ಅಲ್ಲಿ ನಿಂತುಕೊಳ್ಳಿ. ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿ ನೋಡಿದರೆ ಈ ಸನ್ಯಾಸಿಗಳು ಎಷ್ಟು ದೊಡ್ಡ ವ್ಯಾಪಾರ ನಡೆಸ್ತಿದ್ದರು ಅಂತ ಹೊಟ್ಟೆಗೇ ಗೊತ್ತಾಗುತ್ತೆ.

1132ರಲ್ಲಿ ಯಾರ್ಕಿನ ಸೇಂಟ್ ಮೇರಿ ಮಠದಲ್ಲಿ ಸುಖ ಜಾಸ್ತಿ ಆಯಿತು, ನೇಮ ಹೋಯಿತು ಅಂತ ಜಗಳ ಮಾಡಿಕೊಂಡು 13 ಜನ ಹೊರಗೆ ಬಂದರು. ಆರ್ಚ್‌ಬಿಷಪ್ ಥರ್ಸ್ಟನ್ ಅವರಿಗೆ ಸ್ಕೆಲ್ ನದಿಯ ಕಣಿವೆಯಲ್ಲಿ ಯಾರಿಗೂ ಬೇಡವಾಗಿದ್ದ ಜಾಗ ಕೊಟ್ಟ. ಮೊದಲ ಚಳಿಗಾಲ ಮರದಡಿ ಕಳೆದರು ಅಂತ ಕಥೆ. ಆಮೇಲೆ ಸಿಸ್ಟರ್ಸಿಯನ್ ಪಂಥ ಸೇರಿಕೊಂಡರು. ಬಡತನ ಬೇಕು ಅಂತ ಹೊರಟವರು ಕುರಿ ಸಾಕಿ ದೇಶದ ದೊಡ್ಡ ಶ್ರೀಮಂತ ಮಠಗಳಲ್ಲಿ ಒಂದಾದರು. ಬೆಳೆಗೆ ಮುಂಗಡ ತಗೊಳ್ಳೋ ಹಾಗೆ ಮುಂದಿನ ಎಷ್ಟೋ ವರ್ಷದ ಉಣ್ಣೆಯನ್ನ ಇಟಲಿಯ ವ್ಯಾಪಾರಿಗಳಿಗೆ ಮೊದಲೇ ಮಾರಿಬಿಡ್ತಿದ್ದರು. ಕುರಿಗೆ ಕಜ್ಜಿ ರೋಗ ಬಂತು ಅಂದರೆ ಕೊಡೋಕೆ ಉಣ್ಣೆಯಿಲ್ಲ, 13ನೇ ಶತಮಾನದ ಕೊನೆಗೆ ಸಾಲದಲ್ಲಿ ಮುಳುಗಿದ್ದರು. ಅಪ್ಪನಿಗೆ ಇದು ಇಷ್ಟ ಆಗುತ್ತೆ ನೋಡಿ.

ಇನ್ನೊಂದು, ವಾರ್ಮಿಂಗ್ ಹೌಸ್ ತಪ್ಪಿಸಬೇಡಿ. ಅಡುಗೆಮನೆ, ಕಾಯಿಲೆಯವರ ಕೋಣೆ ಬಿಟ್ಟರೆ ಸನ್ಯಾಸಿಗಳಿಗೆ ಬೆಂಕಿ ಸಿಗ್ತಿದ್ದದ್ದು ಅಲ್ಲೊಂದೇ ಕಡೆ. ಒಲೆಯ ಗೂಡು ಒಳಗೆ ಆಳು ನಿಲ್ಲುವಷ್ಟು ದೊಡ್ಡದು. ಮೇಲಿನ ಅಡ್ಡಗಲ್ಲು ನೋಡಿ, ಒಂದೇ ಕಲ್ಲಲ್ಲ, ಹಲ್ಲು ಹಲ್ಲಾಗಿ ಕಡೆದ ತುಂಡುಗಳನ್ನ ಒಂದಕ್ಕೊಂದು ಕಚ್ಚಿಸಿ ಕೂರಿಸಿದ್ದಾರೆ. ಅಷ್ಟು ಅಗಲಕ್ಕೆ ಕೆಳಗೆ ಆಸರೆಯೇ ಇಲ್ಲ. 800 ವರ್ಷ ಆಗಿದೆ, ಅಲುಗಿಲ್ಲ.

ಗಾರೆಕಲ್ಲು

ಒಪ್ಪಿದೆ, ಸೆಲೇರಿಯಮ್‌ಗೆ ಎದುರು ಮಾತಿಲ್ಲ. ಆದರೆ ಫೌಂಟನ್ಸ್‌ನಲ್ಲಿ ನೀವು ನೋಡೋದು ಅರ್ಧ ಮಠ, ಅರ್ಧ ಶ್ರೀಮಂತನ ತೋಟ. ಜಾನ್ ಐಸ್ಲಬಿ ಅನ್ನೋನು ಹಣಕಾಸು ಮಂತ್ರಿ, 1720ರ ಸೌತ್ ಸೀ ಕಂಪನಿಯ ಷೇರು ಹಗರಣದಲ್ಲಿ ಸಿಕ್ಕಿಬಿದ್ದು ಪಾರ್ಲಿಮೆಂಟಿನಿಂದ ಹೊರಗೆ ಹಾಕಿಸಿಕೊಂಡು ಊರಿಗೆ ಬಂದು ಕೊಳ, ಗುಡಿ, ಜಲಪಾತ ಕಟ್ಟಿಸ್ತಾ ಕೂತ. ಮಗ 1767ರಲ್ಲಿ ಪಕ್ಕದ ಹಾಳು ಮಠವನ್ನೂ ಕೊಂಡುಕೊಂಡ, ತೋಟದ ತುದಿಗೆ ಒಂದು ನೋಟ ಬೇಕಿತ್ತಲ್ಲ. ಇಷ್ಟು ದೊಡ್ಡ ಮಠ ಅವರಿಗೆ ಒಂದು ಅಲಂಕಾರ. 1986ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ್ದೂ ತೋಟ, ಮಠ ಎರಡೂ ಸೇರಿಯೇ. ರಜಾ ದಿನ ಹೋದರೆ ಜಾತ್ರೆ.

ರೀವೋ ಹಾಗಲ್ಲ. ಕಣಿವೆ ಎಷ್ಟು ಇಕ್ಕಟ್ಟು ಅಂದರೆ ಚರ್ಚನ್ನ ಪೂರ್ವ ಪಶ್ಚಿಮಕ್ಕೆ ಕಟ್ಟೋಕೇ ಆಗಲಿಲ್ಲ, ಹೆಚ್ಚುಕಡಿಮೆ ಉತ್ತರ ದಕ್ಷಿಣಕ್ಕೆ ತಿರುಗಿಸಿ ಕಟ್ಟಿದರು. ಏಲ್ರೆಡ್ ಮಠಾಧಿಪತಿಯಾಗಿದ್ದಾಗ, 1147ರಿಂದ 1167, ಅಲ್ಲಿ 140 ಸನ್ಯಾಸಿಗಳು, ಹೊಲಗದ್ದೆ ಕುರಿ ನೋಡೋ ಲೇ ಬ್ರದರ್‌ಗಳು 500 ಜನ ಇದ್ದರು ಅಂತ ಅವನ ಶಿಷ್ಯ ಬರೆದಿದ್ದಾನೆ. ಚರ್ಚಿನ ಪ್ರಾರ್ಥನಾ ಭಾಗ ಮೂರು ಅಂತಸ್ತು ಪೂರ್ತಿ ಎತ್ತರಕ್ಕೆ ಇನ್ನೂ ನಿಂತಿದೆ, ಮಾಡೊಂದಿಲ್ಲ. ಸಂಜೆ ಬಸ್ಸಿನ ಜನ ಎಲ್ಲ ಹೋದ ಮೇಲೆ ಹೋಗಿ.

ಸುಮ್ನೆ ಕೇಳ್ದೆ

ಒಂದು ಪ್ರಶ್ನೆ, ವ್ಯಂಗ್ಯ ಅಲ್ಲ. ಇಷ್ಟು ದುಡ್ಡಿರೋ ದೇಶ, ಮಾಡು ಹಾಕಿ ಮತ್ತೆ ಕಟ್ಟಬಹುದಲ್ವಾ? ಹುಲ್ಲು ಕತ್ತರಿಸೋಕೆ ಮಾತ್ರ ಯಾಕೆ ಅಷ್ಟು ಆಸಕ್ತಿ?

ಗಾರೆಕಲ್ಲು

ಒಳ್ಳೇ ಪ್ರಶ್ನೆ. ಕಟ್ಟಲ್ಲ ಅಂತ ತೀರ್ಮಾನ ಮಾಡಿಯೇ ಬಿಟ್ಟಿರೋದು. ವಿಕ್ಟೋರಿಯಾ ಕಾಲದಲ್ಲಿ ರಿಪೇರಿ ಹೆಸರಲ್ಲಿ ಹಳೇ ಚರ್ಚುಗಳನ್ನ ಕೆರೆದು ಹೊಸದು ಮಾಡಿಬಿಡ್ತಿದ್ದರು. ಅದನ್ನ ವಿರೋಧಿಸಿ ವಿಲಿಯಂ ಮಾರಿಸ್ 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗೆ ಒಂದು ಸಂಘವನ್ನೇ ಕಟ್ಟಿದ. ಇದ್ದದ್ದನ್ನ ಇದ್ದ ಹಾಗೆ ಉಳಿಸಿ, ಊಹೆ ಮಾಡಿ ಕಟ್ಟಬೇಡಿ ಅನ್ನೋದು ಅವರ ವಾದ. ಆಮೇಲೆ ಸರ್ಕಾರದ ಇಲಾಖೆಯೂ ಇದನ್ನೇ ಹಿಡಿಯಿತು. 1917ರಲ್ಲಿ ರೀವೋ ಸರ್ಕಾರದ ಕೈಗೆ ಬಂದಾಗ ಗೋಡೆಗಳ ಮೇಲೆಲ್ಲ ಐವಿ ಬಳ್ಳಿ, ಒಳಗೆ ಆಳೆತ್ತರ ಕಲ್ಲುಮಣ್ಣು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಕೂಲಿ ಕೊಟ್ಟು ತೆಗೆಸಿದರು. ವಾಲಿದ್ದ ಗೋಡೆಯ ಹೊಟ್ಟೆ ಒಳಗೆ, ಹೊರಗಿನಿಂದ ಕಾಣದ ಹಾಗೆ, ಕಾಂಕ್ರೀಟ್ ತೊಲೆ ಕೂರಿಸಿದರು. ಹಾಗಾಗಿ ಇಂದು ತಾನಾಗಿಯೇ ನಿಂತ ಹಾಗೆ ಕಾಣೋ ಗೋಡೆ ನಿಂತಿರೋದು ಆ ಕಾಂಕ್ರೀಟಿನ ಮೇಲೆ. ಹುಲ್ಲು ನುಣ್ಣಗೆ ಕತ್ತರಿಸೋದು ಕೂಡ ಅವರದೇ ಪದ್ಧತಿ. ನೆಲದಲ್ಲಿರೋ ಅಡಿಪಾಯ ಕಾಣಬೇಕಲ್ಲ. ನನಗೂ ಅದು ಸ್ವಲ್ಪ ಅತಿ ಅನ್ನಿಸುತ್ತೆ, ಕ್ರಿಕೆಟ್ ಮೈದಾನದ ಹಾಗೆ.

ಬಿಜಾಪುರದ ಬಸು

ಇದಕ್ಕ ನಮ್ಮ ಕಡೆ ನಂಟು ಐತಿ, ಯಾರೂ ಹೇಳಲಿಲ್ಲ ನೋಡ್ರಿ. ಲಾರ್ಡ್ ಕರ್ಜನ್. 1899ರಿಂದ 1905ರ ತನಕ ನಮ್ಮಲ್ಲಿ ವೈಸರಾಯ್. ಬಂಗಾಳ ಒಡೆದವನು ಅಂತ ಬೈತೀವಿ, ಬೈಯೋದು ಸರಿಯೇ. ಆದರೆ 1902ರಲ್ಲಿ ಪುರಾತತ್ವ ಇಲಾಖೆಗೆ ಜಾನ್ ಮಾರ್ಷಲ್ ಬಂದದ್ದು, 1904ರಲ್ಲಿ ಪ್ರಾಚೀನ ಸ್ಮಾರಕಗಳ ಕಾಯ್ದೆ ಆದದ್ದು ಅವನ ಕಾಲದಲ್ಲೇ. ನಮ್ಮ ಬಿಜಾಪುರದ ಒಂದು ಮಸೀದಿಯಲ್ಲಿ ಡಾಕ್ ಬಂಗಲೆ, ಇನ್ನೊಂದರಲ್ಲಿ ಅಂಚೆ ಕಚೇರಿ ಮಾಡಿಟ್ಟಿದ್ದರು. ಅವನ್ನ ಎಬ್ಬಿಸಿದ್ದೂ ಇವನೇ.

ಊರಿಗೆ ವಾಪಸ್ ಹೋದ ಮೇಲೆ ಏನಾಯಿತು ಅಂದರೆ, 1911ರಲ್ಲಿ ಲಿಂಕನ್‌ಶೈರಿನ ಟ್ಯಾಟರ್ಶಲ್ ಕೋಟೆ ಮಾರಾಟಕ್ಕೆ ಬಂತು. 15ನೇ ಶತಮಾನದ ಕೆಂಪು ಇಟ್ಟಿಗೆ ಗೋಪುರ. ಅದರೊಳಗಿನ ಕೆತ್ತನೆಯ ಕಲ್ಲಿನ ಒಲೆಗಳನ್ನ ಕಿತ್ತು ಅಮೆರಿಕಕ್ಕೆ ಸಾಗಿಸೋಕೆ ತಯಾರಿ ನಡೆದಿತ್ತು. ಕರ್ಜನ್ ಕೋಟೆ ಕೊಂಡುಕೊಂಡ, ಒಲೆಗಳನ್ನೂ ಹುಡುಕಿಸಿ ವಾಪಸ್ ತಂದು ಕೂರಿಸಿದ. ಆ ಗಲಾಟೆಯಿಂದ 1913ರಲ್ಲಿ ಇಂಗ್ಲೆಂಡಿನಲ್ಲಿ ಗಟ್ಟಿ ಕಾನೂನು ಆಯಿತು. ಅಂದರೆ ನಮ್ಮಲ್ಲಿ 1904ಕ್ಕೇ ಬಂದಿತ್ತು. ಸಸೆಕ್ಸಿನ ಬೋಡಿಯಂ ಕೋಟೆಯೂ ಅವನು ಕೊಂಡು ರಿಪೇರಿ ಮಾಡಿಸಿದ್ದು. ಸುತ್ತ ನೀರು ತುಂಬಿದ ಕಂದಕ, ಮಕ್ಕಳು ಬಿಡಿಸೋ ಚಿತ್ರದ ಥರಾ ಇರೋ ಕೋಟೆ ಅಂದರೆ ಅದೇ. 1925ರಲ್ಲಿ ಸಾಯುವಾಗ ಎರಡನ್ನೂ ನ್ಯಾಷನಲ್ ಟ್ರಸ್ಟಿಗೆ ಬಿಟ್ಟು ಹೋದ. ಮೇಷ್ಟ್ರಿಗೆ ಇದನ್ನ ಹೇಳ್ರಿ, ಖುಷಿ ಪಡ್ತಾರ.

ಮಲೆನಾಡ ಮಗಳು

ಬಸು ಅಣ್ಣ, ಕರ್ಜನ್ ಬಗ್ಗೆ ಇಷ್ಟು ಪ್ರೀತಿ ಬೇಡ. ಇನ್ನೊಂದು ಕಡೆ ಪೋವಿಸ್ ಕೋಟೆಗೆ ಹೋಗಿ ನೋಡಿ, ಶ್ರೀರಂಗಪಟ್ಟಣದಿಂದ ಹೊತ್ತು ತಂದ ಟಿಪ್ಪುವಿನ ಡೇರೆ ಅಲ್ಲಿದೆ. ಕ್ಲೈವ್ ಮನೆತನದ ಸಂಗ್ರಹ. ಮಠದ ಸೀಸ ಹೊತ್ತವರನ್ನ ಬೈಯೋದಾದರೆ ಇದನ್ನೂ ಬೈಯಬೇಕು.

ಬಿಜಾಪುರದ ಬಸು

ಬೈಯೋಣ್ರಿ, ಯಾರು ಬೇಡ ಅಂದ್ರು. ಪೋವಿಸ್ ವೇಲ್ಸಿನಲ್ಲಿದೆ, ಲೀಡ್ಸಿನಿಂದ ದೂರ, ಅದಕ್ಕೆ ಸುಮ್ನಿದ್ದೆ.

ಹೆಡಿಂಗ್ಲಿ ಹುಡುಗ

ಕೋಟೆ ಬಗ್ಗೆ ಯಾರಾದರೂ ಹೇಳಿ. ಅಪ್ಪ ಮೆಟ್ಟಿಲು ಹತ್ತುತ್ತಾರೆ, ದಿನಾ ವಾಕಿಂಗ್ ಹೋಗೋರು.

ಬೂಟು ಮತ್ತು ಕೋಲು

ರಿಚ್ಮಂಡ್. ಕಣ್ಣು ಮುಚ್ಚಿ ಹೋಗಿ. 1070ರ ದಶಕದಲ್ಲಿ ನಾರ್ಮನ್ ಸರದಾರ ಅಲನ್ ರೂಫಸ್ ಶುರು ಮಾಡಿದ್ದು. ಸ್ವೇಲ್ ನದಿಯ ಮೇಲೆ ಕಡಿದಾದ ದಿಬ್ಬ. ಮುಖ್ಯ ಗೋಪುರ ಸುಮಾರು 30 ಮೀಟರ್, ಮೇಲೆ ತೆನೆಗಳ ನಡುವೆ ನಿಂತರೆ ಕೆಳಗೆ ಕಲ್ಲು ಹಾಸಿದ ಮಾರ್ಕೆಟ್ ಚೌಕ, ಆಚೆ ಇಡೀ ಡೇಲ್ಸ್ ಕಣಿವೆ ಪ್ರದೇಶ. ಅಮ್ಮ ಚೌಕದಲ್ಲೇ ಒಂದು ಅಂಗಡಿಯಲ್ಲಿ ಕೂತಿರಲಿ. ಅಲ್ಲಿಂದ ಈಸ್ಬಿ ಆ್ಯಬಿಗೆ ನದಿ ಪಕ್ಕ ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ, ದಾರಿ ಚೆನ್ನಾಗಿದೆ. ಈಸ್ಬಿಯಲ್ಲಿ ಮಠ ಬಿದ್ದಿದೆ, ಪಕ್ಕದ ಊರ ಚರ್ಚು ಬಿದ್ದಿಲ್ಲ. ಅದರೊಳಗೆ ಗೋಡೆ ಮೇಲೆ 13ನೇ ಶತಮಾನದ ಚಿತ್ರಗಳು, ಆಡಮ್ ಈವ್, ಹೊಲದಲ್ಲಿ ಕೆಲಸ ಮಾಡೋ ರೈತರು.

ಕೋಟೆಯಲ್ಲಿ ಇನ್ನೊಂದು ವಿಷಯ ಇದೆ. 1916ರಲ್ಲಿ ಯುದ್ಧಕ್ಕೆ ಹೋಗಲ್ಲ, ಕೊಲ್ಲಲ್ಲ ಅಂದ ಯುವಕರನ್ನ ಅಲ್ಲಿನ ಚಿಕ್ಕ ಕೋಣೆಗಳಲ್ಲಿ ಕೂಡಿ ಹಾಕಿದ್ದರು. ಅವರಲ್ಲಿ 16 ಜನರನ್ನ ಫ್ರಾನ್ಸಿಗೆ ಸಾಗಿಸಿ ಮರಣದಂಡನೆ ಕೊಟ್ಟು, ಆಮೇಲೆ ಅದನ್ನ ಹತ್ತು ವರ್ಷದ ಕಠಿಣ ಶಿಕ್ಷೆಗೆ ಇಳಿಸಿದರು. ಸುಣ್ಣ ಹೊಡೆದ ಗೋಡೆ ಮೇಲೆ ಪೆನ್ಸಿಲಿನಲ್ಲಿ ಅವರು ಬರೆದದ್ದು ಇನ್ನೂ ಇದೆ. ಗೋಡೆ ತುಂಬ ಸೂಕ್ಷ್ಮ, ಒಳಗೆ ಬಿಡ್ತಾರೋ ಇಲ್ವೋ ವಿಚಾರಿಸಿಕೊಂಡು ಹೋಗಿ.

ಆಮೇಲೆ ಸುರುಳಿ ಮೆಟ್ಟಿಲು ಹತ್ತುವಾಗ ಗೈಡ್ ಹೇಳೋ ಕಥೆ ಗೊತ್ತಲ್ಲ, ಮೆಟ್ಟಿಲು ಬಲಕ್ಕೆ ತಿರುಗೋದು ಮೇಲಿರೋನಿಗೆ ಕತ್ತಿ ಬೀಸೋಕೆ ಅನುಕೂಲ ಆಗಲಿ ಅಂತ. ಅದನ್ನ ಅಪ್ಪನಿಗೆ ಹೇಳಬೇಡಿ. ಎಡಕ್ಕೆ ತಿರುಗೋ ಮೆಟ್ಟಿಲು ಇರೋ ಕೋಟೆ ಎಷ್ಟೋ ಇವೆ.

ಕೊವೆಂಟ್ರಿ ಅಕ್ಕ

ನಮ್ಮ ಕಡೆ ಬರೋ ಹಾಗಿದ್ದರೆ ಕೆನಿಲ್‌ವರ್ತ್. ಕೆಂಪು ಮರಳುಗಲ್ಲು, ಸಂಜೆ ಬಿಸಿಲಿಗೆ ನೋಡಬೇಕು. 1575ರಲ್ಲಿ ಒಂದನೇ ಎಲಿಜಬೆತ್ ರಾಣಿ 19 ದಿನ ಇಲ್ಲಿ ಉಳಿದಿದ್ದಳು. ಕೋಟೆಯ ಒಡೆಯ ರಾಬರ್ಟ್ ಡಡ್ಲಿ ಅವಳನ್ನ ಮೆಚ್ಚಿಸೋಕೆ ಹೊಸ ಮಹಡಿ, ತೋಟ ಎಲ್ಲ ಮಾಡಿಸಿದ್ದ, ಮದುವೆ ಮಾತ್ರ ಆಗಲಿಲ್ಲ. ಕೋಟೆ ಸುತ್ತ ಒಂದು ದೊಡ್ಡ ಕೆರೆಯೇ ಇತ್ತು. ರಾಜನಿಗೂ ಪಾರ್ಲಿಮೆಂಟಿಗೂ ಆಂತರಿಕ ಯುದ್ಧ ಆದ ಮೇಲೆ ಪಾರ್ಲಿಮೆಂಟಿನವರು ಗೋಪುರದ ಒಂದು ಮಗ್ಗುಲು ಉರುಳಿಸಿ ಕೆರೆ ಒಡೆದು ನೀರು ಬಿಟ್ಟರು. ಈಗ ಅಲ್ಲಿ ದನ ಮೇಯುತ್ತೆ. ಮಠ ಮುರಿದವನು ರಾಜ, ಕೋಟೆ ಮುರಿದವರು ರಾಜನ ವೈರಿಗಳು ಅಂತ ಇಟ್ಟುಕೊಳ್ಳಿ, ಅರ್ಧ ಇಂಗ್ಲೆಂಡಿನ ಹಾಳುಬಿದ್ದ ಜಾಗಗಳು ಅರ್ಥ ಆಗುತ್ತೆ. ಹೆಲ್ಮ್ಸ್ಲಿಯೂ ಹಾಗೇ, 1644ರಲ್ಲಿ ಮೂರು ತಿಂಗಳ ಮುತ್ತಿಗೆ, ಆಮೇಲೆ ಗೋಪುರ ಅರ್ಧಕ್ಕೆ ಸೀಳಿಟ್ಟರು.

ಊಟದ ವಿಷಯ: ಕೆಫೆಗಳಲ್ಲಿ ಸೂಪು, ಸ್ಯಾಂಡ್‌ವಿಚ್, ಕೇಕು ಅಷ್ಟೇ. ಮೊಟ್ಟೆ ತಿನ್ನದವರಾದರೆ ಸ್ಕೋನ್ ಕೂಡ ಕೇಳಿಯೇ ತಗೋಬೇಕು, ಕೆಲವು ಕಡೆ ಮೇಲೆ ಮೊಟ್ಟೆ ಸವರ್ತಾರೆ. ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಹೋಗು. ಹುಲ್ಲಿನ ಮೇಲೆ ಕೂತು ತಿನ್ನೋಕೆ ಯಾರೂ ಏನೂ ಅನ್ನಲ್ಲ.

ಗಾರೆಕಲ್ಲು

ಊಟ ಅಂದದ್ದಕ್ಕೆ ನೆನಪಾಯಿತು. ಹುಡುಗ ಅವರೇ, ಮೊದಲ ದಿನ ಎಲ್ಲಿಗೂ ಹೋಗಬೇಡಿ, ನೀವು ದಿನಾ ಪಕ್ಕದಲ್ಲಿ ಓಡೋ ಕರ್ಕ್‌ಸ್ಟಾಲ್‌ಗೇ ಕರ್ಕೊಂಡು ಹೋಗಿ. 1152ರಲ್ಲಿ ಬಂದವರು, ಫೌಂಟನ್ಸ್ ಮಠದ್ದೇ ಮರಿ. ಸಿಸ್ಟರ್ಸಿಯನ್ ನೇಮದಲ್ಲಿ ನಾಲ್ಕು ಕಾಲಿನ ಪ್ರಾಣಿಯ ಮಾಂಸ ನಿಷಿದ್ಧ. ಬೇಳೆ, ಸೊಪ್ಪು, ರೊಟ್ಟಿ. ಕಾಲ ಕಳೆದಂತೆ ನೇಮ ಸಡಿಲ ಆಯಿತು. 15ನೇ ಶತಮಾನದಲ್ಲಿ ಕರ್ಕ್‌ಸ್ಟಾಲಿನವರು ಏನು ಮಾಡಿದರು ಅಂದರೆ, ಊಟದ ಮನೆಗೆ ಅಡ್ಡಲಾಗಿ ಅಟ್ಟ ಹಾಕಿ ಎರಡು ಅಂತಸ್ತು ಮಾಡಿದರು. ಮೇಲಿನದು ಮಾಂಸ ಇಲ್ಲದ ಊಟಕ್ಕೆ, ಕೆಳಗಿನದು ಮಾಂಸದ ಊಟಕ್ಕೆ, ಪಕ್ಕದಲ್ಲಿ ಮಾಂಸ ಬೇಯಿಸೋಕೇ ಬೇರೆ ಅಡುಗೆಮನೆ. ನೇಮವೂ ಕೆಡಲಿಲ್ಲ, ಹೊಟ್ಟೆಯೂ ತುಂಬಿತು. ಅಮ್ಮನಿಗೆ ಇದು ತಕ್ಷಣ ಅರ್ಥ ಆಗುತ್ತೆ, ಯಾವ ಇತಿಹಾಸವೂ ಬೇಕಾಗಿಲ್ಲ.

ಮಠ ಮುಚ್ಚಿದ ಮೇಲೆ 19ನೇ ಶತಮಾನದ ಶುರುವಿನ ತನಕ ಲೀಡ್ಸಿಗೆ ಹೋಗೋ ಹೆದ್ದಾರಿ ಚರ್ಚಿನ ನಡು ಅಂಕಣದ ಒಳಗೇ ಹಾದು ಹೋಗ್ತಿತ್ತು. ಗಾಡಿ ಎತ್ತು ಕುದುರೆ ಎಲ್ಲ.

ಹೆಡಿಂಗ್ಲಿ ಹುಡುಗ

ಇಷ್ಟು ದಿನ ಅದರ ಪಕ್ಕದಲ್ಲಿ ಬರೀ ಕಿಲೋಮೀಟರ್ ಲೆಕ್ಕ ಹಾಕ್ತಾ ಓಡ್ತಿದ್ದೆ!

ಸರಿ, ಹೀಗೆ ಅಂದುಕೊಂಡಿದ್ದೀನಿ. ಮೊದಲು ಕರ್ಕ್‌ಸ್ಟಾಲ್. ಆಮೇಲೆ ಒಂದು ವಾರಾಂತ್ಯ ಕಾರು ತಗೊಂಡು ಶನಿವಾರ ಹೆಲ್ಮ್ಸ್ಲಿ, ರೀವೋ. ಭಾನುವಾರ ರಿಚ್ಮಂಡ್, ಈಸ್ಬಿ. ಫೌಂಟನ್ಸ್‌ಗೆ ವಾರದ ದಿನ ಬಸ್ಸಿನಲ್ಲಿ. ವಿಟ್ಬಿ ಬಿಡ್ತೀನಿ, 199 ಮೆಟ್ಟಿಲು ಅಂತ ಓದಿದೆ.

ಬೂಟು ಮತ್ತು ಕೋಲು

ವಿಟ್ಬಿಗೆ ಕಾರಿನಲ್ಲಿ ಮೇಲಿನವರೆಗೂ ಹೋಗಬಹುದು, ಮೆಟ್ಟಿಲು ಹತ್ತಲೇಬೇಕು ಅಂತಿಲ್ಲ. ಸಮುದ್ರದ ದಂಡೆಯ ಬಂಡೆ ಮೇಲೆ ಮಠ. 1914ರ ಡಿಸೆಂಬರಿನಲ್ಲಿ ಜರ್ಮನ್ ಯುದ್ಧನೌಕೆಗಳ ಗುಂಡೂ ಬಿದ್ದಿತ್ತು ಪಾಪ ಅದಕ್ಕೆ. ಆದರೆ ಗಾಳಿ ಅಂದರೆ ಗಾಳಿ. ಅಮ್ಮನಿಗೆ ಬೇಡ ಅನ್ನಿಸುತ್ತೆ.

ಫೌಂಟನ್ಸ್‌ಗೆ: ಲೀಡ್ಸಿನಿಂದ ಹ್ಯಾರೊಗೇಟ್ ಮೇಲೆ ರಿಪನ್‌ಗೆ 36ನೇ ನಂಬರ್ ಬಸ್, ಪದೇ ಪದೇ ಇದೆ, ಮೇಲಿನ ಅಂತಸ್ತಿನ ಮುಂದಿನ ಸೀಟು ಹಿಡಿಯಿರಿ. ರಿಪನ್‌ನಿಂದ ಮಠಕ್ಕೆ ಸುಮಾರು 4 ಮೈಲಿ, ಅಲ್ಲಿಗೆ ಬಸ್ಸು ಕಡಿಮೆ, ಟ್ಯಾಕ್ಸಿಯೇ ವಾಸಿ. ವಾಪಸ್ ಬರುವಾಗಿನ ಟ್ಯಾಕ್ಸಿಯನ್ನೂ ಹೋಗುವಾಗಲೇ ಮಾತಾಡಿಕೊಳ್ಳಿ, ಆ ಕಣಿವೆಯಲ್ಲಿ ಮೊಬೈಲ್ ನೆಟ್‌ವರ್ಕ್ ನಂಬಬೇಡಿ. ಸಮಯ ಇದ್ದರೆ ರಿಪನ್ ಕ್ಯಾಥೆಡ್ರಲ್ ಕೆಳಗಿನ ನೆಲಮಾಳಿಗೆ ನೋಡಿ, 672ರದ್ದು.

ಸುಮ್ನೆ ಕೇಳ್ದೆ

ರೀವೋಗೆ ಶನಿವಾರ ಯಾವಾಗ ಹೋಗ್ತಿದ್ದೀರಿ? ಗಾರೆಕಲ್ಲು ಅವರ ಟೀ ಬಾಕಿ ಇದೆ, ಮಾವನವರನ್ನೂ ಕರ್ಕೊಂಡು ಬರೋಣ ಅಂತ.

ಗಾರೆಕಲ್ಲು

ಬನ್ನಿ. ಕೆಫೆ ಮಠಕ್ಕಿಂತ ಮೊದಲೇ ಬಾಗಿಲು ಹಾಕುತ್ತೆ, ಮೂರು ಗಂಟೆಗೆ ಮೊದಲು ಬಂದರೆ ಮಾತ್ರ ಸ್ಕೋನ್.